ಹಸಿ ಅಡ್ಡಗೋಲು

ಆ ಅಂಟಿನ ವಾಸನೆಗೆ ಹುರಿಯಕ್ಕ ಬೆಳಗ್ಗೆ ಎದ್ದಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಚರ್ಮ, ಗೊರಸು, ಮೂಳೆ, ಇನ್ನೇನೇನು ದರಿದ್ರ ಸೇರಿಸಿ ಕುದಿಸುತ್ತಾರೋ ಯಾರಿಗೆ ಗೊತ್ತು. ಅದನ್ನು ಬಿಸಿಗಿಟ್ಟರೆ ಸಾಕು, ಗಬ್ಬು ಕೆಲಸದ ಕೋಣೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲಲ್ಲಿ ಒಣಹಾಕಿದ ಬಟ್ಟೆಗೂ ಹತ್ತಿಕೊಳ್ಳುತ್ತಿತ್ತು. ಮೊದಲ ದಿನ ಅವಳು ಎಲ್ಲೋ ಇಲಿ ಸತ್ತಿದೆ ಅಂದುಕೊಂಡು ಮರದ ರಾಶಿಯನ್ನೆಲ್ಲ ಸರಿಸಿ ಹುಡುಕಿದ್ದಳು. ಇಲಿ ಸಿಗಲಿಲ್ಲ. ಅಣ್ಣನ ಬೆಂಚಿನ ಕೆಳಗೆ ಗೋಣಿಚೀಲ ಮುಚ್ಚಿಟ್ಟ ಅಂಟಿನ ಡಬ್ಬಿ ಸಿಕ್ಕಿತು. ಅದಕ್ಕಿಂತ ಇಲಿಯೇ ಸಿಕ್ಕಿದ್ದರೆ ವಾಸಿಯಿತ್ತು.

ಯಾಕೆಂದರೆ ಕುರ್ಚಿ ಮಾಡುವ ಆ ಮನೆಯಲ್ಲಿ ಅಂಟು ಹಾಕುವ ಪದ್ಧತಿಯೇ ಇರಲಿಲ್ಲ. ಮೊಳೆಯೂ ಇಲ್ಲ. "ಅಂಟು ಹಚ್ಚೋದು ಅಂಚೆ ಕಚೇರಿಯವರ ಕೆಲಸ ಕಣ್ರೋ, ನಮ್ದಲ್ಲ" ಎಂದು ಅಪ್ಪ ನಗುತ್ತಿದ್ದರು. ಅವರ ವಿದ್ಯೆಯೆಲ್ಲ ಇದ್ದದ್ದು ಒಂದೇ ಗುಟ್ಟಿನಲ್ಲಿ. ಕುರ್ಚಿಯ ಕಾಲು ಅರೆಹಸಿ ಇರಬೇಕು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗುವ ಅಡ್ಡಗೋಲು ಮಾತ್ರ ಮೂಳೆಯ ಹಾಗೆ ಒಣಗಿರಬೇಕು. ಒಣಗೋಲನ್ನು ಅರೆಹಸಿ ಕಾಲಿನ ತೂತಿಗೆ ಬಡಿದು ಕೂರಿಸಿದರೆ ಗೋಲು ಕಾಲಿನ ಪಸೆ ಕುಡಿದು ಉಬ್ಬುತ್ತದೆ, ಕಾಲು ದಿನ ಕಳೆದಂತೆ ಒಣಗಿ ಗೋಲನ್ನು ಬಿಗಿಯುತ್ತದೆ. ಆಮೇಲೆ ಆನೆ ಬಂದು ಎಳೆದರೂ ಬಿಡುವುದಿಲ್ಲ. ಆದರೆ ಗೋಲು ಹಾಗೆ ಒಣಗಬೇಕಾದರೆ ಬಿಸಿ ಮರಳಿನ ಪೆಟ್ಟಿಗೆಯಲ್ಲಿ ಮೂರು ವಾರ ಮಲಗಬೇಕು. ದಿನಕ್ಕೆರಡು ಸಲ ಮರಳು ಕಾಯಿಸಬೇಕು, ಒಂದೊಂದೇ ಗೋಲು ಹೊರಳಿಸಬೇಕು. ಎರಡು ಗೋಲು ತಾಗಿಸಿದರೆ ಟಣ್ ಎನ್ನಬೇಕು. ದಬ್ ಎಂದರೆ ಇನ್ನೂ ಹಸಿ, ವಾಪಸು ಮರಳಿಗೆ. ಹಸಿ ಗೋಲನ್ನೇ ಕೂರಿಸಿದರೋ, ಅದು ತೂತಿನೊಳಗೇ ಒಣಗಿ ಸಣ್ಣಗಾಗುತ್ತದೆ, ಮುದುಕನ ಹಲ್ಲಿನ ಹಾಗೆ ಅಲ್ಲಾಡುತ್ತದೆ.

ಅಣ್ಣ ಕುರ್ಚಿಯ ಮೈ ಕಟ್ಟುತ್ತಿದ್ದ, ಅವಳು ಆಸನ ಹೆಣೆಯುತ್ತಿದ್ದಳು. ಜೊಂಡುಹುಲ್ಲನ್ನು ನೆನೆಸಿ, ಹೊಸೆದು, ಹುರಿ ಮಾಡಿ, ನಾಲ್ಕು ಗೋಲುಗಳ ಮೇಲೆ ಸುತ್ತಿ ಸುತ್ತಿ ಎಳೆಯುವುದು. ಹುಡುಗಿಯಾಗಿದ್ದಾಗಿನಿಂದ ಅದನ್ನೇ ಮಾಡಿ ಮಾಡಿ ಅವಳ ಸ್ವಂತ ಹೆಸರು ಬೀದಿಯವರಿಗೆ ಮರೆತೇ ಹೋಗಿ, ಹುರಿಯಕ್ಕ ಎನ್ನುವುದೇ ಉಳಿದಿತ್ತು. ಗಂಡ ತೀರಿಕೊಂಡ ಮೇಲೆ ಈ ಮನೆಗೇ ವಾಪಸು ಬಂದಿದ್ದಳು. ಬಂದ ವರ್ಷವೇ ಅತ್ತಿಗೆಯೂ ಹೋದಳು, ಆರು ವರ್ಷದ ಗುಬ್ಬಿಯನ್ನು ಬಿಟ್ಟು. ಅಣ್ಣನ ಆ ಮಗಳಿಗೆ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಮದುವೆ ಮಾಡಿ ಎರಡು ಬೀದಿ ಆಚೆ ಕಳಿಸಿದ್ದು ಎಲ್ಲ ಹುರಿಯಕ್ಕನೇ. ಈಗ ಗುಬ್ಬಿ ಏಳು ತಿಂಗಳ ಬಸುರಿ.

ಇನ್ನು ಅಣ್ಣ. ಅಣ್ಣ ಎರಡು ವರ್ಷದಿಂದ ಮೇಷ್ಟ್ರಾಗಿದ್ದ. ಯಾರೋ ಬಂದು ಅವನು ಕೆಲಸ ಮಾಡುವುದನ್ನು ಫೋನಿನಲ್ಲಿ ಹಿಡಿದುಕೊಂಡು ಹೋದರು, ಅದನ್ನು ಸಾವಿರಾರು ಜನ ನೋಡಿದರು, ಅಲ್ಲಿಗೆ ಮುಗಿಯಿತು. ಭಾನುವಾರ ಬಂತೆಂದರೆ ಕಾರುಗಳು. ಬೆಳ್ಳಗಿನ ಅಂಗಿಯ ಗಂಡಸರು, ಹೆಂಗಸರು, ತಮ್ಮ ಕೈಯಿಂದಲೇ ಒಂದು ಕುರ್ಚಿ ಮಾಡಬೇಕೆಂಬ ಚಪಲದವರು. ಅವರ ಮುಂದೆ ಅಣ್ಣ ಕಣ್ಣು ಅರೆಮುಚ್ಚಿ, "ಮರ ಉಸಿರಾಡ್ತದೆ. ಅವಸರ ಮಾಡ್ಬೇಡಿ. ಕೇಳಿಸ್ಕೊಳ್ಳಿ" ಎನ್ನುವನು. ಅವರು ಕಿವಿ ಕೊಡುವರು. ಛೀ! ಮರ ಉಸಿರಾಡಿದ್ದನ್ನು ಅವನು ತನ್ನ ಜನ್ಮದಲ್ಲಿ ಕೇಳಿಸಿಕೊಂಡವನಲ್ಲ. ಅವರು ಬರುವ ಮುಂಚೆ ಅವನು ಮುಷ್ಟಿ ಮರದಪುಡಿ ತೆಗೆದುಕೊಂಡು ಮೊಳಕೈವರೆಗೆ ಉಜ್ಜಿಕೊಳ್ಳುವುದನ್ನು ಹುರಿಯಕ್ಕ ಕಣ್ಣಾರೆ ಕಂಡಿದ್ದಳು. ಮದುಮಗಳು ಪೌಡರು ಹಚ್ಚಿಕೊಂಡ ಹಾಗೆ, ಕನ್ನಡಿಯ ಮುಂದೆ ನಿಂತು!

ಹೆರಿಗೆ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಹದಿನೆಂಟು ಕುರ್ಚಿ ಬೇಕೆಂದು ದೊಡ್ಡ ನರ್ಸಮ್ಮ ಬಂದು ಹೇಳಿದ್ದೂ ಒಂದು ಭಾನುವಾರವೇ. ಅವರೂ ಮೇಷ್ಟ್ರ ಪಾಠಕ್ಕೆ ಬರುತ್ತಿದ್ದವರು. ತಗ್ಗು ಕುರ್ಚಿ, ಕೈಯಿಲ್ಲದ್ದು, ಬಾಣಂತಿಯರು ಕೂತು ಮಗುವಿಗೆ ಹಾಲು ಕುಡಿಸುವುದಕ್ಕೆ. "ಎರಡು ತಿಂಗಳಲ್ಲಿ ಕೊಡ್ತೀನಿ ಸಿಸ್ಟರ್" ಎಂದ ಅಣ್ಣ. ಅದರಲ್ಲಿ ಒಂದು ತಿಂಗಳು ಪಾಠ, ಫೋಟೋ, ಭಾಷಣದಲ್ಲಿ ಕಳೆಯಿತು. ಮರಳಿನ ಪೆಟ್ಟಿಗೆ ತಣ್ಣಗೆ ಬಿದ್ದಿತ್ತು. ಆಮೇಲೆ ಹತ್ತೇ ದಿನದಲ್ಲಿ ಹದಿನೆಂಟೂ ಕುರ್ಚಿಯ ಮೈ ನಿಂತುಬಿಟ್ಟಿತು. ಹುರಿಯಕ್ಕ ಹಿತ್ತಲಲ್ಲಿ ಹುರಿ ಹೊಸೆಯುತ್ತಿದ್ದವಳು, ಅಪ್ಪನ ಕಾಲದ ಗೋಲುಗಳು ಅಟ್ಟದಲ್ಲಿ ಉಳಿದಿದ್ದುವಲ್ಲ, ಅಂಟಿನ ಡಬ್ಬಿ ಕಂಡಿದ್ದರೂ, ಅವನ್ನೇ ಇಳಿಸಿರಬೇಕು ಎಂದು ಮನಸ್ಸಿಗೆ ಹೇಳಿಕೊಂಡಳು.

ಮೊದಲ ಕುರ್ಚಿಯನ್ನು ತೊಡೆಯ ಮೇಲೆ ಹಾಕಿಕೊಂಡಾಗಲೇ ಅವಳಿಗೆ ಗೊತ್ತಾಯಿತು. ಗೋಲು ಹಿಡಿದು ತಿರುಚಿದಳು. ತಿರುಗಿತು. ಹೌದು, ಬಾಟಲಿಯ ಮುಚ್ಚಳದ ಹಾಗೆ ತಿರುಗಿತು. ಉಗುರಿನಿಂದ ತೂತಿನ ಅಂಚು ಕೆರೆದರೆ ಮೆತ್ತಗಿನ ಹಳದಿ ಪಿಸುರು ಉಗುರಿನ ಸಂದಿಗೆ ಬಂತು. ಮರದಪುಡಿಯನ್ನು ಆ ಗಬ್ಬು ಅಂಟಿನಲ್ಲಿ ಕಲಸಿ ಸಂದು ತುಂಬಿದ್ದ ಪುಣ್ಯಾತ್ಮ. ಮೇಲೆ ಮೇಣ ತಿಕ್ಕಿ ಹೊಳಪು ಬೇರೆ! ಅವಳು ಬೆರಳು ಮೂಸಿ ನೋಡಿ, ಓಡಿಹೋಗಿ ನಲ್ಲಿಯ ಕೆಳಗೆ ಮೂರು ಸಲ ಸೋಪು ಹಾಕಿ ಕೈ ತೊಳೆದಳು. ವಾಸನೆ ಹೋಗಲಿಲ್ಲ.

"ಏನಣ್ಣ ಇದು?" ಎಂದು ಕುರ್ಚಿಯನ್ನು ಅವನ ಮುಂದೆ ಕುಕ್ಕಿದಳು. "ಇದು ಕುರ್ಚಿನಾ, ಪಾಪದ ಮೂಟೆನಾ?"

ಅಣ್ಣ ತಲೆಯೆತ್ತಲಿಲ್ಲ. "ಮೆಲ್ಲಗೆ ಮಾತಾಡೇ. ಹೊಸ ಕಟ್ಟಡ ತೆರೆಯೋ ದಿನ ನಿಗದಿ ಆಗಿದೆ. ಮೂರು ವಾರ ಮರಳಲ್ಲಿ ಇಟ್ಕೊಂಡು ಕೂತಿರೋಕೆ ಆಗ್ತದಾ?"

"ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬೇಕಿತ್ತು. ಇದ್ರ ಮೇಲೆ ಹಸಿ ಬಾಣಂತಿ ಕೂರ್ತಾಳೆ ಕಣಣ್ಣ. ಮಡಿಲಲ್ಲಿ ಮಗು ಇರ್ತದೆ."

"ನಂಗೊತ್ತಿಲ್ವಾ?" ಎಂದು ಅವನು ಈಗ ಮುಖ ಎತ್ತಿ ನಕ್ಕ. ಆ ನಗೆಗೆ ಅವಳಿಗೆ ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು. "ನೀನು ಬಿಗಿಯಾಗಿ ಹೆಣಿ, ಸಾಕು. ನಿನ್ನ ಹುರಿ ನಾಲ್ಕೂ ಕಾಲನ್ನ ಒಳಗೆ ಎಳ್ಕೊಂಡು ನಿಲ್ಲಿಸ್ತದೆ. ಒಂದು ವರ್ಷ ಅಲ್ಲಾಡಲ್ಲ. ಆಮೇಲೆ ಒಂದೊಂದೇ ವಾಪಸ್ ತಂದು ಸರಿ ಮಾಡಿಕೊಟ್ರಾಯ್ತು. ನಿನ್ನ ಕೈಯನ್ನೇ ನಂಬ್ಕೊಂಡು ಮಾಡಿದ್ದು ಕಣೇ ನಾನು."

ಅವನ ಕಳ್ಳಕೆಲಸಕ್ಕಿಂತ ಆ ಕೊನೆಯ ಮಾತು ಅವಳಿಗೆ ಹೆಚ್ಚು ಅಸಹ್ಯವಾಯಿತು. ಏಕೆಂದರೆ ಅದು ನಿಜ. ಆಸನದ ಹುರಿ ಎಳೆದಷ್ಟೂ ಸಡಿಲ ಗೋಲು ತೂತಿನೊಳಗೆ ಕಚ್ಚಿಕೊಂಡು ಕೂರುತ್ತದೆ. ನೋಡುವವರಿಗೆ ಕುರ್ಚಿ ಬಂಡೆಯ ಹಾಗೆ. ಅವನ ಸುಳ್ಳು ನಿಲ್ಲಬೇಕಾದರೆ ಅವಳ ಕೈ ಬೇಕಿತ್ತು.

ಹೆಣೆಯುವುದಿಲ್ಲ ಹೋಗು ಎಂದು ಹುರಿಯ ಸುರುಳಿಯನ್ನು ಅವನ ಮುಖಕ್ಕೆ ಎಸೆದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಎಸೆಯಲಿಲ್ಲ. ಹೆಣೆದಳು. ಅಣ್ಣ ಅಲ್ಲವೇ, ಕೊನೆಗಳಿಗೆಯಲ್ಲಿ ಬುದ್ಧಿ ಬಂದೀತು ಅಂದುಕೊಂಡಳು. ಸಡಿಲವಾಗಿ ಹೆಣೆಯೋಣವೆಂದರೆ ಈ ಹಾಳು ಕೈಗೆ ಸಡಿಲ ಹೆಣೆಯುವುದು ಬರುವುದಿಲ್ಲ. ದಿನಕ್ಕೆ ಎರಡೆರಡು ಕುರ್ಚಿ, ಒಂಬತ್ತು ದಿನ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೆಣೆದಳು. ಅಷ್ಟರಲ್ಲಿ ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತ್ತು. ಅನ್ನ ಕಲಸುವಾಗ ತನ್ನ ಬೆರಳು ಯಾರದೋ ಬೆರಳಿನ ಹಾಗೆ ಕಾಣುತ್ತಿತ್ತು.

ಹದಿನೆಂಟನೆಯದು ಮುಗಿದ ಮಾರನೆಯ ದಿನ, ಮೊದಲು ಹೆಣೆದ ಕುರ್ಚಿಯನ್ನು ಹಿತ್ತಲ ಬಿಸಿಲಿಗಿಟ್ಟು ಅವಳೇ ಕೂತು ನೋಡಿದಳು. ಅಪ್ಪನ ಕಾಲದಿಂದ ಬಂದ ಪರೀಕ್ಷೆ ಅದು. ಮಾಡಿದವನೇ ಕೂತು, ಮುಂಗಾಲು ಎತ್ತಿ, ಹಿಂದಿನ ಎರಡು ಕಾಲಿನ ಮೇಲೆ ಹಿಂದಕ್ಕೆ ವಾಲಬೇಕು. ವಾಲಿದಳು. ಲಟಕ್ ಎಂದಿತು. ಎಡಗಡೆಯ ಹಿಂಗಾಲು ಹೊರಕ್ಕೆ ಜಾರಿ, ಹುರಿಯಕ್ಕ ನೆಲಕ್ಕೆ ಅಂಡೂರಿ ಬಿದ್ದಳು. ಒಂದು ವರ್ಷವಂತೆ! ಹತ್ತು ದಿನವೂ ನಿಂತಿರಲಿಲ್ಲ.

ಸೊಂಟ ಹಿಡಿದುಕೊಂಡು ಹೋಗಿ ಹೇಳಿದಳು. ಅಣ್ಣ ಬಂದು ನೋಡಿದ. ಕಾಲನ್ನು ಬಡಿದು ಕೂರಿಸಿ, ಒಳಬದಿಯಿಂದ ಎರಡು ಸಣ್ಣ ಮೊಳೆ ಹೊಡೆದು, ಮೊಳೆಯ ತಲೆಯ ಮೇಲೆ ಮೇಣ ಒತ್ತಿದ. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಆ ಜಾಗವನ್ನು ಒರೆಸಿದ. ಅಪ್ಪನ ಬೆಂಚು, ಅಪ್ಪನ ಸುತ್ತಿಗೆ, ಅದಕ್ಕೆ ಇವನ ಎಂಜಲು. ಥೂ!

"ಅದೊಂದೇ ಹಂಗಿತ್ತು. ಬಾಕಿಯವೆಲ್ಲ ಗಟ್ಟಿ" ಎಂದ.

"ಬಾಕಿಯವನ್ನ ನೀನು ಕೂತು ತೋರ್ಸು."

"ತೋರಿಸೋ ದಿನ ತೋರಿಸ್ತೀನಿ. ನಿನ್ನ ಹುರಿ ನೀನು ನೋಡ್ಕೋ."

ಸರಿ, ಇವನ ಹತ್ತಿರ ಮಾತು ಗೋಡೆಗೆ ಹೇಳಿದ ಹಾಗೆ ಎಂದು ಅವಳು ಚಪ್ಪಲಿ ಮೆಟ್ಟಿ ಆಸ್ಪತ್ರೆಗೇ ಹೋದಳು. ದೊಡ್ಡ ನರ್ಸಮ್ಮ ಕೆಟ್ಟವರಲ್ಲ. ಕೂರಿಸಿ ನೀರು ಕೊಟ್ಟರು. ಹುರಿಯಕ್ಕ ಬಾಯಿ ಬಿಟ್ಟು ನಾಲ್ಕು ಮಾತಾಡುವಷ್ಟರಲ್ಲಿ ಅವರು ಅವಳ ಮೊಣಕೈ ಮುಟ್ಟಿ, "ಮೇಷ್ಟ್ರು ಹೇಳಿದ್ರಮ್ಮಾ" ಎಂದರು.

"ಏನಂತ?"

"ತಂಗಿಗೆ ವಯಸ್ಸಾಯ್ತು, ಎಲ್ಲದ್ರ ಮೇಲೂ ಅನುಮಾನ, ಬಂದು ಏನಾದ್ರೂ ಹೇಳಿದ್ರೆ ಮನಸ್ಸಿಗೆ ಹಚ್ಕೋಬೇಡಿ ಅಂತ. ನಮ್ಮಮ್ಮನಿಗೂ ಹಂಗೇ ಆಗಿತ್ತು. ಪಾಪ, ನೀವೇನೂ ಯೋಚ್ನೆ ಮಾಡ್ಬೇಡಿ. ನಿಮ್ಮ ಹೆಣಿಗೆ ಎಷ್ಟು ಚೆನ್ನಾಗಿದೆ!"

ಹುರಿಯಕ್ಕನ ಬಾಯಿಗೆ ಮಣ್ಣು ಹಾಕಿದ ಹಾಗಾಯಿತು. ಅವನು ಮೊದಲೇ ಬಂದು ಹೋಗಿದ್ದ! ಅವಳಿಗಿಂತ ಮುಂಚೆ ಬಂದು, ಒಡಹುಟ್ಟಿದವಳನ್ನು ಅರೆಹುಚ್ಚಿ ಮಾಡಿಟ್ಟು ಹೋಗಿದ್ದ. ಇನ್ನು ಅವಳು ಎಷ್ಟು ಕೂಗಿದರೆ ಅಷ್ಟು ಹುಚ್ಚಿ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಗಾದೆ. ವಾಪಸು ಬರುವಾಗ ಆಸ್ಪತ್ರೆಯ ಜಗಲಿಯಲ್ಲಿ ಒಬ್ಬ ಬಾಣಂತಿ ಗೋಡೆಗೊರಗಿ ನಿಂತು ಮಗುವನ್ನು ತಟ್ಟುತ್ತಿದ್ದಳು. ಕೂರಲು ಅಲ್ಲಿ ಕುರ್ಚಿ ಇರಲಿಲ್ಲ. ಹುರಿಯಕ್ಕ ಆ ಕಡೆ ನೋಡಲಾರದೆ ತಲೆ ತಗ್ಗಿಸಿ ನಡೆದಳು.

ಕುರ್ಚಿ ಒಯ್ಯುವ ದಿನ ಬಂತು. ವ್ಯಾನು ಬೀದಿಯಲ್ಲಿ ನಿಂತಿತ್ತು. ಹದಿನೆಂಟು ಕುರ್ಚಿಗಳನ್ನು ಅಣ್ಣ ಕೆಲಸದ ಕೋಣೆಯಲ್ಲಿ ಎರಡು ಸಾಲಾಗಿ ನಿಲ್ಲಿಸಿದ್ದ. ಅಂಟಿನ ನಾತ ಮುಚ್ಚಲು ನೆಲಕ್ಕೆ ಘಮಘಮ ಅನ್ನುವ ಏನನ್ನೋ ಸುರಿದಿದ್ದ, ಎರಡೂ ಸೇರಿ ಇನ್ನಷ್ಟು ವಾಕರಿಕೆ ಬರುವಂತಿತ್ತು. ದೊಡ್ಡ ನರ್ಸಮ್ಮ ಬಂದು, "ಅಬ್ಬಾ, ಎಷ್ಟು ಮುದ್ದಾಗಿವೆ!" ಎಂದು ಕೈ ಕಟ್ಟಿಕೊಂಡು ನಿಂತರು. ಅದೇ ಹೊತ್ತಿಗೆ ಗುಬ್ಬಿಯೂ ಬಂದಳು, ಅಪ್ಪನಿಗೆ ಊಟದ ಡಬ್ಬಿ ತಗೊಂಡು, ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತ.

"ಪರೀಕ್ಷೆ ಮಾಡಿ ತೋರಿಸ್ಬೇಕಲ್ಲ ಮೇಷ್ಟ್ರೇ? ಪಾಠದಲ್ಲಿ ಹೇಳಿದ್ರಿ" ಎಂದರು ನರ್ಸಮ್ಮ.

"ಮಾಡ್ದೇ ಕಳಿಸ್ತೀನಾ ಸಿಸ್ಟರ್? ನಮ್ಮ ಅಪ್ಪ ಹಾಕಿಕೊಟ್ಟ ದಾರಿ." ಅಣ್ಣ ಸಾಲಿನ ಮುಂದೆ ನಡೆದ. ಯಾವುದನ್ನು ಆರಿಸಿಕೊಳ್ಳಲಿ ಎನ್ನುವವನ ಹಾಗೆ ಗದ್ದಕ್ಕೆ ಕೈ ಕೊಟ್ಟುಕೊಂಡು ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ನಾಟಕ! ಕೊನೆಗೆ ಐದನೆಯದನ್ನು ಎಳೆದುಕೊಂಡ. ಆ ಒಂದಕ್ಕೆ ಮಾತ್ರ ಅವನು ಅಟ್ಟದಿಂದ ಅಪ್ಪನ ಕಾಲದ ಒಣಗೋಲು ಇಳಿಸಿ ಹಾಕಿದ್ದ. ಹೆಣೆಯುವಾಗಲೇ ಹುರಿಯಕ್ಕನ ಕೈಗೆ ಅದು ತಿಳಿದಿತ್ತು, ಆದರೆ ಹದಿನೆಂಟರಲ್ಲಿ ಒಂದಕ್ಕೆ ಯಾಕೆ ಎನ್ನುವುದು ತಿಳಿದಿರಲಿಲ್ಲ. ಈಗ ತಿಳಿಯಿತು. ಅವನು ಕೂತ, ವಾಲಿದ, ಎರಡು ಕಾಲಿನ ಮೇಲೆ ತೊಟ್ಟಿಲಿನ ಹಾಗೆ ತೂಗಿದ. ಕುರ್ಚಿ ಕಿಂವ್ ಅನ್ನಲಿಲ್ಲ. ನರ್ಸಮ್ಮ ಚಪ್ಪಾಳೆ ತಟ್ಟಿದರು.

"ಇನ್ನೊಂದರ ಮೇಲೂ ಕೂತ್ಕೊಳ್ಳಣ್ಣ" ಎಂದಳು ಹುರಿಯಕ್ಕ.

ಅಣ್ಣ ನರ್ಸಮ್ಮನತ್ತ ನೋಡಿ ಸಣ್ಣಗೆ ಕಣ್ಣು ಮಿಟುಕಿಸಿದ. ನರ್ಸಮ್ಮ ಮರುಕದಿಂದ ತಲೆಯಾಡಿಸಿದರು. ವ್ಯಾನಿನವನು ಆಗಲೇ ಮೊದಲ ಕುರ್ಚಿಗೆ ಕೈ ಹಾಕಿದ್ದ.

ಹುರಿಯಕ್ಕನಿಗೆ ಅದು ಆ ಗಳಿಗೆಯಲ್ಲೇ ಹೊಳೆದದ್ದು. ಕೈ ಮೀರಿ ಆಗಿಹೋಯಿತು ಎಂದು ಆಮೇಲೆ ಅವಳು ಯಾರಿಗಾದರೂ ಹೇಳಿದ್ದರೆ ಅದು ಸುಳ್ಳು. ಹೊಳೆಯಿತು, ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಯೋಚಿಸಿದಳು, ಆಮೇಲೇ ಮಾಡಿದಳು. ವ್ಯಾನಿನವನ ಕೈಯಿಂದ ಆ ಮೊಳೆ ಹೊಡೆದ ಕುರ್ಚಿಯನ್ನು ಬಿಡಿಸಿಕೊಂಡು ತಂದು ಗುಬ್ಬಿಯ ಹಿಂದೆ ಇಟ್ಟಳು.

"ಎಷ್ಟೊತ್ತು ನಿಂತಿರ್ತೀಯೇ ಗುಬ್ಬಿ? ಕೂತ್ಕೋ ಕಂದ."

ಗುಬ್ಬಿ ಬೆನ್ನಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು, ಬಸುರಿಯರು ಕೂರುವ ಹಾಗೆ ಮೆಲ್ಲಗೆ ಮೊಣಕಾಲು ಬಗ್ಗಿಸಿದಳು.

"ಏ! ಕೂರ್ಬೇಡ! ಕೂರ್ಬೇಡವೇ ಅದ್ರ ಮೇಲೆ!"

ಅಣ್ಣ ಕೂತಲ್ಲಿಂದ ಹಾರಿ ಬಂದು ಮಗಳ ಎರಡೂ ರಟ್ಟೆ ಹಿಡಿದು ಮೇಲಕ್ಕೆಳೆದ. ಊಟದ ಡಬ್ಬಿ ಬಿದ್ದು ನೆಲದ ತುಂಬ ಅನ್ನ ಚೆಲ್ಲಿತು. ಅವನ ಮುಖ ಬಿಳಿಚಿಕೊಂಡಿತ್ತು. ಮರದಪುಡಿ ಉಜ್ಜಿಕೊಂಡ ಕೈ ಮಗಳ ರಟ್ಟೆ ಬಿಡಲಿಲ್ಲ.

"ಯಾಕೆ ಕೂರ್ಬಾರ್ದು?" ಎಂದರು ನರ್ಸಮ್ಮ. ನರ್ಸಮ್ಮ ತಾವೇ ಬಗ್ಗಿ ಆ ಕುರ್ಚಿಯ ಎಡಗಡೆಯ ಹಿಂಗಾಲು ಹಿಡಿದು ಜಗ್ಗಿದರು. ಕಾಲು ಹೊರಬಂತು, ಮೊಳೆಯ ಸಮೇತ, ಹಳದಿ ಪಿಸುರಿನ ಸಮೇತ. ಅವರು ಇನ್ನೊಂದು ಕುರ್ಚಿ ಜಗ್ಗಿದರು. ಮತ್ತೊಂದು. ನಾಲ್ಕನೆಯದಕ್ಕೆ ಹೋಗಲಿಲ್ಲ. ಕೈಯನ್ನು ಕರವಸ್ತ್ರದಿಂದ ಬೆರಳು ಬೆರಳೂ ಬಿಡದೆ ಒರೆಸಿಕೊಂಡು, ಆ ಕರವಸ್ತ್ರವನ್ನು ಬೆಂಚಿನ ಮೇಲೇ ಬಿಟ್ಟರು.

"ಭಾನುವಾರ ಭಾನುವಾರ ನಿಮ್ಮ ಕಾಲ ಹತ್ರ ಕೂತಿದ್ದೆನಲ್ಲ" ಎಂದು ಅಣ್ಣನಿಗೆ ಹೇಳಿದರು. ಆಮೇಲೆ ಹುರಿಯಕ್ಕನ ಕಡೆ ತಿರುಗಿ, "ಕ್ಷಮಿಸಿ ಅಮ್ಮಾ" ಎಂದರು. ವ್ಯಾನು ಖಾಲಿಯಾಗಿಯೇ ಹೋಯಿತು.

ಅಣ್ಣ ಚೆಲ್ಲಿದ ಅನ್ನದ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತಿದ್ದ. ಹುರಿಯಕ್ಕ ಅವನನ್ನು ನೋಡಿದಳು. ಗೆದ್ದೆ ಎಂದು ಸಂತೋಷವಾಗಬೇಕಿತ್ತು. ಹದಿನೇಳು ಬಾಣಂತಿಯರು, ಹದಿನೇಳು ಕೂಸುಗಳು ಉಳಿದವಲ್ಲ. ಸಂತೋಷವಾಗಲಿಲ್ಲ. ಅವಳು ಚಾಕು ತೆಗೆದುಕೊಂಡು ಹತ್ತಿರದ ಕುರ್ಚಿಯ ಹುರಿಗೆ ಹಾಕಿದಳು. ಬಿಗಿದ ಹುರಿ ಪಟಪಟ ಹರಿಯಿತು. ಹರಿದಂತೆ ಕುರ್ಚಿ ತಾನಾಗಿಯೇ ಕಾಲು ಅಗಲಿಸಿ ನೆಲಕ್ಕೆ ಮಲಗಿತು.

ಗುಬ್ಬಿ ನಿಂತೇ ಇದ್ದಳು. "ಅತ್ತೆ" ಎಂದಳು.

"ಏನೇ ಕಂದ?"

"ಆ ಕುರ್ಚಿ ಹಂಗಿದೆ ಅಂತ ನಿಂಗೆ ಗೊತ್ತಿತ್ತಾ?"

ಹುರಿಯಕ್ಕ ಚಾಕು ಕೆಳಗಿಟ್ಟಳು. "ಗೊತ್ತಿತ್ತು."

"ಗೊತ್ತಿದ್ದೂ ಕೂತ್ಕೋ ಅಂದ್ಯಾ?"

"ನಿಮ್ಮಪ್ಪ ಕೂರೋಕೆ ಬಿಡಲ್ಲ ಅಂತಾನೂ ಗೊತ್ತಿತ್ತು ಕಣೇ. ಅವ್ನು ಕೂಗೇ ಕೂಗ್ತಾನೆ ಅಂತ..."

"ಅಪ್ಪ ಆ ಕಡೆ ತಿರುಗಿದ್ದಿದ್ರೆ?"

ನಾನು ಹಿಂದೆಯೇ ನಿಂತಿದ್ದೆ, ಹಿಡಿದುಕೊಳ್ಳುತ್ತಿದ್ದೆ ಎಂದು ಹುರಿಯಕ್ಕ ಹೇಳಬಹುದಿತ್ತು. ಆದರೆ ಅವಳು ಹಿಂದೆ ನಿಂತಿರಲಿಲ್ಲ. ಅಣ್ಣನ ಮುಖ ಕಾಣಬೇಕೆಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದಳು. ಗುಬ್ಬಿಯ ಕಡೆ ನೋಡಿಯೇ ಇರಲಿಲ್ಲ.

"ಅಪ್ಪ ಮುಖಪರಿಚಯ ಇಲ್ದೋರನ್ನ ಬೀಳಿಸೋಕೆ ಹೊರಟಿದ್ದ" ಎಂದಳು ಗುಬ್ಬಿ. ಅವಳ ದನಿ ಏರಲಿಲ್ಲ. "ನೀನು ನನ್ನನ್ನೇ ಪಣಕ್ಕೆ ಹಾಕ್ದೆ."

ನೆಲದ ಮೇಲಿದ್ದ ಅಣ್ಣ ತಲೆಯೆತ್ತಿ ತಂಗಿಯನ್ನು ನೋಡಿದ. ಬೈಯುವವನ ಹಾಗೆ ನೋಡಲಿಲ್ಲ. ಇವಳೂ ನನ್ನವಳೇ ಎಂದು ಗುರುತು ಹಿಡಿದವನ ಹಾಗೆ ನೋಡಿದ. ಹುರಿಯಕ್ಕನಿಗೆ ತಡೆಯಲಾಗಲಿಲ್ಲ, ಮುಖ ತಿರುಗಿಸಿದಳು.

ಗುಬ್ಬಿ ಖಾಲಿ ಡಬ್ಬಿಯನ್ನು ಎತ್ತಿಕೊಂಡು ಬಾಗಿಲಿಗೆ ಹೋದಳು. ಮೆಟ್ಟಿಲ ಹತ್ತಿರ ಹುರಿಯಕ್ಕ ಓಡಿ ಬಂದು ಕೈ ಚಾಚಿದಳು, ಏಳು ತಿಂಗಳಲ್ಲಿ ಈ ಮೆಟ್ಟಿಲು ಇಳಿಯುವಾಗಲೆಲ್ಲ ಚಾಚಿದ ಹಾಗೆ. ಗುಬ್ಬಿ ಆ ಕೈಯನ್ನು ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು, ತಾನೇ ಇಳಿದು ಹೋದಳು.